ಅನುಭವ ಆಕರವಾಗುವುದು ಹೇಗೆ: ಆಟೊಎತ್ನೋಗ್ರಫಿ ಮಾಡಹೊರಟವರಿಗೆ

ಸಮಾಜಶಾಸ್ತ್ರ, ಸಮಾಜಕಾರ್ಯ, ಮಹಿಳಾ ಅಧ್ಯಯನ ವಿಭಾಗಗಳ ವಿದ್ಯಾರ್ಥಿಗಳು ಕೇಳುವ ಪ್ರಶ್ನೆಯೊಂದಿದೆ: "ನನ್ನ ಬದುಕಲ್ಲೇ ನಡೆದದ್ದನ್ನ ಇಟ್ಕೊಂಡು ಡಿಸರ್ಟೇಶನ್ ಬರೀಬಹುದಾ?" ಬರೆಯಬಹುದು. ಆ ಪದ್ಧತಿಗೆ ಆಟೊಎತ್ನೋಗ್ರಫಿ ಎಂದು ಹೆಸರು. ಆದರೆ ಆತ್ಮಕಥನದ ಒಂದು ತುಂಡಿಗೆ ಮುಂದೊಂದು ಸಿದ್ಧಾಂತ, ಹಿಂದೊಂದು ಗ್ರಂಥಸೂಚಿ ಅಂಟಿಸಿದರೆ ಅದು ಸಂಶೋಧನೆ ಆಗುವುದಿಲ್ಲ. ನಿಮ್ಮ ಅಭಿಪ್ರಾಯವನ್ನೇ ಸುಳ್ಳು ಮಾಡಬಲ್ಲ ಹಾಗೆ ಅನುಭವವನ್ನು ದಾಖಲಿಸಿದ್ದರೆ ಮಾತ್ರ ಅದು ಆಕರ. ಇಲ್ಲದಿದ್ದರೆ ಬರೀ ನೆನಪು.

ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಉದಾಹರಣೆ ಹಿಡಿದು ಹೋಗೋಣ. ಇದು ಕಲ್ಪಿಸಿಕೊಂಡದ್ದು: ಎಂ.ಎ. ಓದುವ ಹುಡುಗಿ, ತಾಯಿಗೆ ಕಿಡ್ನಿ ಕೆಲಸ ಮಾಡುತ್ತಿಲ್ಲ, ವಾರಕ್ಕೆರಡು ಸಲ ತಾಲ್ಲೂಕು ಆಸ್ಪತ್ರೆಯಲ್ಲಿ ಡಯಾಲಿಸಿಸ್. ಪ್ರತಿ ಸಲ ಸುಮಾರು ನಾಲ್ಕು ಗಂಟೆ ತಾಯಿ ಒಳಗೆ, ಮಗಳು ಹೊರಗೆ ಬೆಂಚಿನ ಮೇಲೆ.

ಮೊದಲು ಪ್ರಶ್ನೆ

"ತಾಯಿಯ ಕಾಯಿಲೆಯಿಂದ ನಾನು ಪಟ್ಟ ಪಾಡು" ಸಂಶೋಧನಾ ಪ್ರಶ್ನೆಯಲ್ಲ. ಅದಕ್ಕೆ ಉತ್ತರ ನಿಮ್ಮಲ್ಲಿ ಆಗಲೇ ಇದೆ. "ಡಯಾಲಿಸಿಸ್ ನಡೆಯಲು ಮನೆಯವರು ಮಾಡುವ ಕೆಲಸ ಯಾವುದು, ಆಸ್ಪತ್ರೆ ಅದನ್ನು ಯಾರ ಲೆಕ್ಕಕ್ಕೆ ಬರೆಯುತ್ತದೆ?" ಎಂಬುದು ಪ್ರಶ್ನೆ. ವ್ಯತ್ಯಾಸ ಗಮನಿಸಿ: ಎರಡನೆಯದರಲ್ಲಿ "ನಾನು" ಇಲ್ಲ. ಪ್ರಶ್ನೆ ಲೋಕದ ಬಗ್ಗೆ ಇರಬೇಕು. ಅದನ್ನು ನೋಡಲು ನೀವು ನಿಂತ ಜಾಗವಷ್ಟೇ ನಿಮ್ಮ ಅನುಭವ.

ವಿಷಯ ಗಟ್ಟಿಯಿದೆಯೇ ಎಂದು ತಿಳಿಯಲು ಎರಡು ಪರೀಕ್ಷೆ ಸಾಕು. ಆ ಅನುಭವ ಮತ್ತೆ ಮತ್ತೆ ಆಗುತ್ತದೆಯೇ? ಒಂದೇ ಸಲ ನಡೆದದ್ದರ ಮೇಲೆ ಪ್ರಬಂಧ ನಿಲ್ಲಿಸುವುದು ಕಷ್ಟ. ಹೊರಗಿನವರೊಬ್ಬರು ಪ್ರಶ್ನಾವಳಿ ಹಿಡಿದು ಬಂದರೆ ಸಿಗದ ಏನಾದರೂ ನಿಮಗೆ ಕಾಣುತ್ತದೆಯೇ? ಇಲ್ಲವಾದರೆ ಪ್ರಶ್ನಾವಳಿಯನ್ನೇ ಮಾಡಿ, ಸುಲಭ. ಇನ್ನು ಗಾಯ ಹಸಿಯಾಗಿದ್ದರೆ, ಅಂದರೆ ಬರೆಯಲು ಕೂತರೆ ಆ ದಿನ ಬೇರೇನೂ ಮಾಡಲಾಗದಿದ್ದರೆ, ಈ ವರ್ಷ ಬೇರೆ ವಿಷಯ ತೆಗೆದುಕೊಳ್ಳಿ. ಡಿಸರ್ಟೇಶನ್‌ಗೆ ಕೊನೆಯ ದಿನಾಂಕವಿರುತ್ತದೆ, ದುಃಖಕ್ಕೆ ಇರುವುದಿಲ್ಲ.

ಯಾವ ದಾರಿ

ಆಟೊಎತ್ನೋಗ್ರಫಿ ಎಂಬ ಪದವನ್ನು ಬಳಕೆಗೆ ತಂದವರಲ್ಲಿ ಡೇವಿಡ್ ಹಯಾನೊ ಮುಖ್ಯರು. ಕ್ಯಾಲಿಫೋರ್ನಿಯಾದ ಕಾರ್ಡ್ ರೂಮುಗಳಲ್ಲಿ ತಾವೇ ಪೋಕರ್ ಆಡುತ್ತ ಆಟಗಾರರನ್ನು ಅಭ್ಯಾಸ ಮಾಡಿದ ಮಾನವಶಾಸ್ತ್ರಜ್ಞ. ಅವರ ಲೇಖನ ಬಂದದ್ದು 1979ರಲ್ಲಿ. ಆಮೇಲೆ ಎರಡು ಕವಲಾಯಿತು. ಅಮೆರಿಕದ ವಿದ್ವಾಂಸರಾದ ಕ್ಯಾರೊಲಿನ್ ಎಲಿಸ್, ಆರ್ಥರ್ ಬಾಕ್ನರ್ ಅವರದು ಕಥನದ ದಾರಿ: ಓದುಗನ ಎದೆಗೆ ತಟ್ಟುವಂತೆ ಹೇಳುವುದೇ ವಿಶ್ಲೇಷಣೆಯ ಕೆಲಸವನ್ನೂ ಮಾಡುತ್ತದೆ ಎನ್ನುವುದು. ಸಮಾಜಶಾಸ್ತ್ರಜ್ಞ ಲಿಯಾನ್ ಆಂಡರ್ಸನ್ 2006ರಲ್ಲಿ ಇದಕ್ಕೆ ಎದುರಾಗಿ ವಿಶ್ಲೇಷಣಾತ್ಮಕ ಆಟೊಎತ್ನೋಗ್ರಫಿಯನ್ನು ಮುಂದಿಟ್ಟರು. ಅವರ ಷರತ್ತು ಐದು: ಸಂಶೋಧಕ ಆ ಗುಂಪಿನ ಪೂರ್ಣ ಸದಸ್ಯನಾಗಿರಬೇಕು, ತನ್ನ ಪ್ರಭಾವವನ್ನು ತಾನೇ ಪರಿಶೀಲಿಸಬೇಕು, ಬರಹದಲ್ಲಿ ಕಾಣಿಸಿಕೊಳ್ಳಬೇಕು, ತನ್ನಾಚೆಗಿನ ಜನರ ಜೊತೆ ಮಾತಾಡಿರಬೇಕು, ಸಿದ್ಧಾಂತಕ್ಕೆ ಏನಾದರೂ ಸೇರಿಸಬೇಕು.

ನಮ್ಮ ವಿಶ್ವವಿದ್ಯಾಲಯಗಳ ವೈವಾಕ್ಕೆ (ಮೌಖಿಕ ಪರೀಕ್ಷೆಗೆ) ಕೂರುವವರು ಆಂಡರ್ಸನ್ ದಾರಿ ಹಿಡಿಯುವುದೇ ವಾಸಿ. ಕಥನದ ದಾರಿಯಲ್ಲಿ ಬರಹ ಸೋತರೆ ಹಿಂದೆ ಆಧಾರಕ್ಕೆ ಏನೂ ಉಳಿಯುವುದಿಲ್ಲ. ಐದರಲ್ಲಿ ನಾಲ್ಕನೆಯ ಷರತ್ತನ್ನೇ ಹೆಚ್ಚಿನವರು ಬಿಡುತ್ತಾರೆ. ಬಿಡಬೇಡಿ. ನಮ್ಮ ಉದಾಹರಣೆಯಲ್ಲಿ ಅದೇ ಬೆಂಚಿನ ಮೇಲೆ ಕಾಯುವ ಆರೆಂಟು ಮಂದಿಯ ಸಂದರ್ಶನ ಬೇಕೇ ಬೇಕು. ಮಗಳು ಕಾಯುವವರ ಪೈಕಿ ಒಳಗಿನವಳು, ರೋಗಿಗಳ ಪೈಕಿ ಅಲ್ಲ; ಸೂಜಿ ಚುಚ್ಚಿಸಿಕೊಳ್ಳುವ ಕೈ ಅವಳದಲ್ಲ. ಈ ಗೆರೆ ಮರೆತಲ್ಲೆಲ್ಲ ಪ್ರಬಂಧ ಜಾರುತ್ತದೆ.

ನೆನಪು ಮೊದಲು, ಕಡತ ಆಮೇಲೆ

ಕಡತ, ಚೀಟಿ, ಫೋನು ಯಾವುದನ್ನೂ ತೆರೆಯದೆ ಒಂದು ಗಂಟೆ ಕೂತು ಇಪ್ಪತ್ತು ಘಟನೆಗಳನ್ನು ಕಾಲಾನುಕ್ರಮದಲ್ಲಿ ಬರೆಯಿರಿ, ನೆನಪಿದ್ದಷ್ಟು ದಿನಾಂಕದ ಜೊತೆ. ಆಮೇಲೆ ಓಪಿಡಿ ಚೀಟಿ, ಲ್ಯಾಬ್ ವರದಿ, ಯುಪಿಐ ಪಾವತಿಯ ಪಟ್ಟಿ, ಕಾಲ್ ಲಾಗ್ ತೆಗೆದು ಹೋಲಿಸಿ. ಮೊದಲ ಡಯಾಲಿಸಿಸ್ ಮಳೆಗಾಲದಲ್ಲಿ ಆಯಿತು ಎಂದು ನೆನಪು ಹೇಳುತ್ತದೆ, ಚೀಟಿಯಲ್ಲಿ ಮಾರ್ಚ್ ಎಂದಿದೆ ಅನ್ನಿ. ನೆನಪಿನ ಸಾಲನ್ನು ತಿದ್ದಬೇಡಿ. ಎರಡನ್ನೂ ಅಕ್ಕಪಕ್ಕ ಇಟ್ಟು, ಯಾಕೆ ಹಾಗೆ ನೆನಪಾಯಿತು ಎಂದು ಕೇಳಿ. ಮಳೆಗಾಲದಲ್ಲೇ ಬಸ್ಸು ತಪ್ಪಿ ಒಂದು ಸರದಿ ಕೈಬಿಟ್ಟು ಹೋಗಿರಬಹುದು, ಮನಸ್ಸು ಅದನ್ನೇ ಆರಂಭ ಎಂದು ಇಟ್ಟುಕೊಂಡಿರಬಹುದು. ಕಡತ ಮೊದಲು ತೆರೆದವರಿಗೆ ಈ ಅಂತರ ಸಿಗುವುದೇ ಇಲ್ಲ, ಯಾಕೆಂದರೆ ಓದಿದ ಕೂಡಲೇ ನೆನಪು ತಾನಾಗಿ ತಿದ್ದಿಕೊಂಡುಬಿಡುತ್ತದೆ.

ನಡೆಯುತ್ತಿರುವುದಕ್ಕೆ ದಿನಚರಿ ಬೇಕು. ಇನ್ನೂರು ಪುಟದ ಗೆರೆ ನೋಟ್‌ಬುಕ್ ಸಾಕು. ಎಡಪುಟದಲ್ಲಿ ಅವತ್ತು ಕಂಡದ್ದು, ಕೇಳಿದ್ದು ಮಾತ್ರ. ಬಲಪುಟ ಖಾಲಿ ಬಿಡಿ. ವಾರದ ನಂತರ ಬೇರೆ ಇಂಕಿನಲ್ಲಿ, ದಿನಾಂಕ ಹಾಕಿ ಅಲ್ಲಿ ನಿಮ್ಮ ವ್ಯಾಖ್ಯಾನ ಬರೆಯಿರಿ. ಬರೆಯುವುದು ಅವತ್ತೇ, ಮಲಗುವ ಮುಂಚೆ, ಇಪ್ಪತ್ತು ನಿಮಿಷ. ಆಗದಿದ್ದರೆ ಬಸ್ ಸ್ಟ್ಯಾಂಡಿನಲ್ಲೇ ಫೋನಿಗೆ ಮೂರು ನಿಮಿಷ ಮಾತಾಡಿ ರೆಕಾರ್ಡ್ ಮಾಡಿ. ಮಾರನೆಯ ದಿನಕ್ಕೆ ಹೋದರೆ ಸಂಭಾಷಣೆ ಸಾರಾಂಶವಾಗಿಬಿಡುತ್ತದೆ. ಭಾಷೆ ಮನೆಯದೇ ಇರಲಿ. ಹಾಸನದ ಮಾತು ಹಾಸನದ್ದಾಗಿ, ಬೀದರಿನದು ಬೀದರಿನದಾಗಿ. ಇಂಗ್ಲಿಷಿನಲ್ಲೇ ಪ್ರಬಂಧ ಬರೆಯುವುದಾದರೂ ಅನುವಾದ ಕೊನೆಯ ಕೆಲಸ. ಕಾರಣ ಮುಂದೆ ಬರುತ್ತದೆ.

ಪ್ರತಿಗಳ ಬಗ್ಗೆ ಒಂದು ಮಾತು. ಸಮಾಜಶಾಸ್ತ್ರಜ್ಞ ಎಂ.ಎನ್. ಶ್ರೀನಿವಾಸ್ 1948ರಲ್ಲಿ ಮೈಸೂರು ಸೀಮೆಯ ರಾಂಪುರದಲ್ಲಿ ಮಾಡಿದ ಕ್ಷೇತ್ರಕಾರ್ಯದ ಟಿಪ್ಪಣಿಗಳನ್ನು ಹದಿನೆಂಟು ವರ್ಷ ಸಂಸ್ಕರಿಸಿ ಇಟ್ಟುಕೊಂಡಿದ್ದರು. 1970ರಲ್ಲಿ ಸ್ಟ್ಯಾನ್‌ಫರ್ಡ್‌ನಲ್ಲಿ ಕಿಡಿಗೇಡಿಗಳು ಹಚ್ಚಿದ ಬೆಂಕಿಗೆ ಅವುಗಳ ಮೂರೂ ಪ್ರತಿ ಸುಟ್ಟುಹೋದವು, ಮೂರೂ ಒಂದೇ ಕೋಣೆಯಲ್ಲಿದ್ದವು. ನೆನಪನ್ನೇ ನೆಚ್ಚಿ ಅವರು ಬರೆದ 'ದಿ ರಿಮೆಂಬರ್ಡ್ ವಿಲೇಜ್' 1976ರಲ್ಲಿ ಬಂತು. "ಶ್ರೀನಿವಾಸರೇ ನೆನಪಿನಿಂದ ಬರೆದರಲ್ಲ" ಎಂದು ಇದನ್ನು ನೆಪ ಮಾಡಿಕೊಳ್ಳುವವರಿದ್ದಾರೆ. ಅದು ಹದಿನೆಂಟು ವರ್ಷ ಟಿಪ್ಪಣಿ ತಿದ್ದಿದ ಕೈಯ ನೆನಪು, ನಮ್ಮ ನಿಮ್ಮದಲ್ಲ. ಪ್ರತಿ ಭಾನುವಾರ ನೋಟ್‌ಬುಕ್ ಪುಟಗಳ ಫೋಟೊ ತೆಗೆದು ಪಾಸ್‌ವರ್ಡ್ ಇರುವ ಕಡೆ ಇಡಿ. ಗೂಗಲ್ ಡ್ರೈವ್ ಆದೀತು, ಗೆಳತಿಯ ವಾಟ್ಸಾಪ್ ಬೇಡ.

ಒಂದು ಸಾಲನ್ನು ಬಿಡಿಸುವುದು

ಮೊದಲ ವಾರದ ದಿನಚರಿಯಲ್ಲಿ ಹೀಗೊಂದು ಸಾಲು ಇರುತ್ತದೆ: "ಇವತ್ತು ಸಿಸ್ಟರ್ ಬೈದರು. ಬೇಜಾರಾಯಿತು." ಇದರಿಂದ ಏನೂ ಆಗದು. ಬೈದರು ಎನ್ನುವುದು ಆಗಲೇ ತೀರ್ಪು. ಅದೇ ಘಟನೆ ಹೀಗಿರಬೇಕು:

"ತೂಕ 50.8. ಡ್ರೈ ವೇಟ್ 48. ಅಮ್ಮ ತೂಕದ ಮೆಷಿನ್ ಮೇಲೆ ನಿಂತಿದ್ದಾಳೆ, ನನ್ನ ಕೈಯಲ್ಲಿ ಫೈಲು. ಸಿಸ್ಟರ್ ಅಮ್ಮನ ಕಡೆ ನೋಡಲಿಲ್ಲ, ನನ್ನ ಕಡೆ ತಿರುಗಿ 'ಎಷ್ಟು ನೀರ್ ಕೊಟ್ರಿ ಇವ್ರಿಗೆ?' ಅಂದರು. ನಾನು 'ದಿನಕ್ಕೆ ಮುಕ್ಕಾಲು ಲೀಟರೇ' ಅಂದೆ. ಅಮ್ಮ ಸುಮ್ಮನಿದ್ದಳು."

ಡ್ರೈ ವೇಟ್ ಎಂದರೆ ಮೈಯಲ್ಲಿ ನಿಂತ ಹೆಚ್ಚುವರಿ ನೀರು ತೆಗೆದ ಮೇಲೆ ಇರಬೇಕಾದ ತೂಕ. ಎರಡು ಸರದಿಗಳ ನಡುವೆ ಏರಿದ ತೂಕ ಬಹುಪಾಲು ನೀರಿನದು, ಕಿಲೋಗೆ ಸುಮಾರು ಒಂದು ಲೀಟರ್. ಹಾಗಾಗಿ ಪ್ರಶ್ನೆ ಸಹಜವೇ. ಕ್ರಿಯಾಪದ ನೋಡಿ: "ಕುಡಿದ್ರಿ" ಅಲ್ಲ, "ಕೊಟ್ರಿ". ಕುಡಿದದ್ದು ತಾಯಿ, ಲೆಕ್ಕ ಒಪ್ಪಿಸಬೇಕಾದವಳು ಮಗಳು. ಮನೆಯಲ್ಲಿ ಚೊಂಬು ಅಳೆಯುವುದು, ಸಾರು ಮಜ್ಜಿಗೆ ಕೂಡಿಸಿ ಲೆಕ್ಕ ಹಾಕುವುದು, ತಾಯಿ ಕದ್ದು ಕುಡಿದರೆ ತಾನು ತಪ್ಪಿತಸ್ಥಳಾಗುವುದು, ಎಲ್ಲವೂ ಆ ಒಂದು ಕ್ರಿಯಾಪದದೊಳಗಿದೆ. ಇಂಗ್ಲಿಷಿನಲ್ಲಿ ಸಾರಾಂಶ ಬರೆದುಕೊಂಡಿದ್ದರೆ "ನೀರಿನ ಬಗ್ಗೆ ನರ್ಸ್ ವಿಚಾರಿಸಿದರು" ಎಂಬ ಅರ್ಥದ ಸಾಲು ಉಳಿಯುತ್ತಿತ್ತು, ಕೊಡು-ಕುಡಿ ಎರಡೂ ಹೋಗುತ್ತಿದ್ದವು.

ಇಲ್ಲಿಗೇ ನಿಂತರೆ ಅದು ಜಾಣ ಓದು ಅಷ್ಟೆ. ಈಗ ಅದನ್ನು ಕೆಡವಲು ನೋಡಿ. ಮಗ ಜೊತೆಗೆ ಬಂದಾಗಲೂ "ಕೊಟ್ರಿ" ಎನ್ನುತ್ತಾರೋ, "ಎಷ್ಟು ಕುಡಿದ್ರು?" ಎನ್ನುತ್ತಾರೋ? ರೋಗಿ ಗಂಡಸಾದರೆ ನೇರ ಅವರನ್ನೇ ಕೇಳುತ್ತಾರೋ? ಅಥವಾ ಅಮ್ಮನಿಗೆ ಕಿವಿ ಮಂದ, ಅದಕ್ಕೇ ನಿಮ್ಮನ್ನು ಕೇಳಿದರೋ? ಮುಂದಿನ ಹತ್ತು ಸರದಿ ಇದನ್ನೇ ಕಿವಿಗೊಟ್ಟು ಕೇಳಿ, ಸಂದರ್ಶನದಲ್ಲಿ "ತೂಕ ಜಾಸ್ತಿ ಬಂದಾಗ ಯಾರನ್ನ ಏನಂತ ಕೇಳ್ತಾರೆ?" ಎಂದು ಕೇಳಿ. ನಿಮ್ಮ ಊಹೆ ಬಿದ್ದುಹೋದರೆ ಅದನ್ನೂ ಬರೆಯಿರಿ.

ಕೋಡಿಂಗ್

ಕೋಡಿಂಗ್ ಎಂದರೆ ಪ್ರತಿ ಘಟನೆಗೂ ಒಂದು ಚಿಕ್ಕ ಹೆಸರು ಕೊಟ್ಟು ವಿಂಗಡಿಸುವುದು. ಇದಕ್ಕೆ ಸಾಫ್ಟ್‌ವೇರ್ ಬೇಡ, ಎಕ್ಸೆಲ್ ಶೀಟ್ ಸಾಕು. ದಿನಾಂಕ, ಘಟನೆ, ಆಕರ (ನೆನಪೋ, ದಿನಚರಿಯೋ, ಕಾಗದವೋ, ಸಂದರ್ಶನವೋ), ಘಟನೆಯಲ್ಲಿ ಬೇರೆ ಯಾರಿದ್ದಾರೆ, ಕೋಡ್, ವಿರುದ್ಧ ಸಾಕ್ಷ್ಯ: ಆರು ಕಾಲಮ್. "ದುಃಖ", "ಒತ್ತಡ", "ಅಸಹಾಯಕತೆ" ಎಂಬ ಕೋಡ್‌ಗಳನ್ನು ಹಾಕಲೇಬೇಡಿ. ಭಾವಕ್ಕೆ ಹೆಸರಿಟ್ಟ ಕೂಡಲೇ ನೋಟ ನಿಲ್ಲುತ್ತದೆ. "ನೀರಿನ ಲೆಕ್ಕ", "ಫೈಲ್ ಹಿಡಿಯುವುದು", "ಬೆಂಚಿನ ಜಾಗ" ಎಂದು ಮಾಡುವ ಕೆಲಸದ ಹೆಸರಿಡಿ. ಮೊದಲ ಸುತ್ತಿನಲ್ಲಿ ಮೂವತ್ತು ನಲವತ್ತು ಬರುತ್ತವೆ. ಮೂರನೆಯ ಸುತ್ತಿಗೆ ಐದಾರಕ್ಕೆ ಇಳಿಯದಿದ್ದರೆ ಪ್ರಶ್ನೆಯೇ ಅಗಲವಾಗಿದೆ ಎಂದರ್ಥ. ಕೊನೆಯ ಕಾಲಮ್ ಪೂರ್ತಿ ಖಾಲಿ ಇದ್ದರೆ ನೀವು ಹುಡುಕಿಲ್ಲ.

ಕಥೆಯಲ್ಲಿರುವ ಮಿಕ್ಕವರು

ತಪ್ಪು ಹೆಚ್ಚಾಗುವುದು ಇಲ್ಲಿ. ಪ್ರಬಂಧದ ಮೇಲೆ ನಿಮ್ಮ ಹೆಸರಿರುತ್ತದೆ, ಆದ್ದರಿಂದ "ಅಮ್ಮ" ಎಂದರೆ ಯಾರೆಂದು ಇಡೀ ಬೀದಿಗೆ ಗೊತ್ತು. ಹೆಸರು ಬದಲಿಸಿ ತಾಯಿಯನ್ನು ಅಡಗಿಸಲಾಗದು. ಅದೂ ಪಿಎಚ್.ಡಿ. ಮಹಾಪ್ರಬಂಧವಾದರೆ ಶೋಧಗಂಗಾದಲ್ಲಿ, ಅಂದರೆ ಮಹಾಪ್ರಬಂಧಗಳ ಆನ್‌ಲೈನ್ ಭಂಡಾರದಲ್ಲಿ, ಎಲ್ಲರಿಗೂ ತೆರೆದಿರುತ್ತದೆ. ಇನ್ನು ಹತ್ತು ವರ್ಷಕ್ಕೆ ತಂಗಿಯ ಸಂಬಂಧ ನೋಡಲು ಬಂದವರೂ ಓದಬಹುದು. ಯಾರ ಬಗ್ಗೆ ಬರೆದಿದ್ದೀರೋ ಅವರಲ್ಲಿ ಪ್ರತಿಯೊಬ್ಬರೂ ಒಂದು ದಿನ ಇದನ್ನು ಓದುತ್ತಾರೆ ಎಂದುಕೊಂಡೇ ಬರೆಯಬೇಕು ಎಂಬುದು ಸಂಶೋಧನಾ ನೀತಿಯ ಬಗ್ಗೆ ಬರೆಯುವ ಮಾರ್ಟಿನ್ ಟೊಲಿಚ್ 2010ರಲ್ಲಿ ಕೊಟ್ಟ ಸೂಚನೆಗಳಲ್ಲೊಂದು. ಬರೆದು ಮುಗಿಸಿ ಆಮೇಲೆ ಒಪ್ಪಿಗೆ ಕೇಳುವುದನ್ನೂ ಅವರು ಟೀಕಿಸಿದ್ದಾರೆ, ಸರಿಯಾಗಿಯೇ. ಮುಗಿದದ್ದನ್ನು ಕೈಗಿತ್ತರೆ ಬೇಡ ಎನ್ನುವುದು ಯಾರಿಗೂ ಕಷ್ಟ.

ಆದ್ದರಿಂದ ಒಪ್ಪಿಗೆ ದಿನಚರಿಗಿಂತ ಮುಂಚೆ, ಮತ್ತೆ ಪ್ರತಿ ಅಧ್ಯಾಯಕ್ಕೊಮ್ಮೆ. ತಾಯಿ ಔಷಧಿಯಿಂದ ಹಿಡಿದು ಬಸ್ಸಿನವರೆಗೆ ನಿಮ್ಮನ್ನೇ ನೆಚ್ಚಿದ್ದಾರೆ. "ಬರ್ಕೋ ಮಗಾ" ಎಂದದ್ದು ಒಪ್ಪಿಗೆಯೋ ದಾಕ್ಷಿಣ್ಯವೋ ನಿಮಗೆ ತಿಳಿಯದು. ನೀವಿಲ್ಲದಾಗ ಚಿಕ್ಕಮ್ಮನೋ ಪಕ್ಕದ ಮನೆಯವರೋ ತಾಯಿಯ ಬಗ್ಗೆ ಬರೆದ ಭಾಗವನ್ನು ತಾಯಿಗೆ ಓದಿ ಹೇಳಲಿ, ಉತ್ತರವೂ ಓದಿದವರ ಮೂಲಕವೇ ಬರಲಿ. ಒಂದು ಸಾಲು ತೆಗೆ ಎಂದರೆ ತೆಗೆಯಿರಿ. ಅಲ್ಲಿ ಏನಿತ್ತು ಎಂಬ ಸುಳಿವು ಕೊಡದೆ, ಕೆಲವು ಭಾಗ ಕೋರಿಕೆಯ ಮೇರೆಗೆ ಬಿಟ್ಟಿದೆ ಎಂದು ವಿಧಾನದ ಅಧ್ಯಾಯದಲ್ಲಿ ಒಂದೇ ವಾಕ್ಯ ಸಾಕು.

ಸಿಸ್ಟರ್ ವಿಷಯ ಇನ್ನೂ ಸೂಕ್ಷ್ಮ. ಘಟಕದಲ್ಲಿ ಇರುವುದೇ ಮೂವರು ಎಂದಾದರೆ "ಬೆಳಗಿನ ಪಾಳಿಯ ಸಿಸ್ಟರ್" ಎಂದರೂ ಹೆಸರು ಹೇಳಿದಂತೆಯೇ. ಪಾಳಿ, ವಯಸ್ಸು ಬದಲಿಸಿ, ಇಬ್ಬರನ್ನು ಒಬ್ಬರಾಗಿ ಸೇರಿಸಿ. ಹಾಗೆ ಮಾಡಿದ್ದೇನೆ ಎಂದು ತಪ್ಪದೆ ಹೇಳಿ. ಊರು, ಆಸ್ಪತ್ರೆ ಹೆಸರು ಬೇಡ. ಆರೋಗ್ಯ ಸಂಬಂಧಿ ಸಂಶೋಧನೆಗೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಅಂದರೆ ಐಸಿಎಂಆರ್‌ನ 2017ರ ಮಾರ್ಗಸೂಚಿ ಅನ್ವಯಿಸುತ್ತದೆ, ಸಾಮಾಜಿಕ ಅಧ್ಯಯನಗಳೂ ಅದರಲ್ಲಿ ಬರುತ್ತವೆ. "ನನ್ನದೇ ಅನುಭವ, ಎಥಿಕ್ಸ್ ಕಮಿಟಿ ಯಾಕೆ?" ಎಂದು ಕೆಲವು ಗೈಡ್‌ಗಳೂ ಹೇಳುತ್ತಾರೆ. ಬೆಂಚಿನ ಮೇಲೆ ನಿಮ್ಮ ಜೊತೆ ಇನ್ನೊಬ್ಬರು ಕೂತ ಕ್ಷಣಕ್ಕೆ ಆ ವಾದ ಬಿತ್ತು. ಷೀಟಿನ "ಬೇರೆ ಯಾರಿದ್ದಾರೆ" ಕಾಲಮನ್ನು ಮೇಲಿಂದ ಕೆಳಗೆ ಓದಿದರೆ ಯಾರ್‍ಯಾರ ಒಪ್ಪಿಗೆ ಬೇಕೆಂಬ ಪಟ್ಟಿ ಸಿದ್ಧವಾಗಿರುತ್ತದೆ.

ಬರೆಯುವಾಗ

"ಪ್ರಸ್ತುತ ಸಂಶೋಧಕಿಯು ಗಮನಿಸಿರುವಂತೆ" ಎಂಬ ಚಾಳಿ ಬಿಡಿ, "ನಾನು" ಎನ್ನಿ. ಅನುಭವದ ಭಾಗ ಒಟ್ಟು ಪುಟಗಳ ಮೂರನೇ ಒಂದನ್ನು ದಾಟದಿರಲಿ. ವಿಧಾನದ ಅಧ್ಯಾಯದಲ್ಲಿ ಅಂಕಿ ಕೊಡಿ: ಎಷ್ಟು ತಿಂಗಳು, ಎಷ್ಟು ಸರದಿ, ದಿನಚರಿಯ ಎಷ್ಟು ಪುಟ, ಎಷ್ಟು ಸಂದರ್ಶನ, ಯಾವುದು ಅವತ್ತೇ ಬರೆದದ್ದು, ಯಾವುದು ನೆನಪಿನಿಂದ. ಎಂಟು ತಿಂಗಳಲ್ಲಿ 64 ಸರದಿ, ಅದರಲ್ಲಿ 41ಕ್ಕೆ ಅವತ್ತಿನ ಟಿಪ್ಪಣಿ ಎಂದು ಬರೆದಾಗ ಓದುವವರಿಗೆ ನಂಬಲು, ಅನುಮಾನಿಸಲು ಏನಾದರೂ ಸಿಗುತ್ತದೆ.

ವೈವಾದಲ್ಲಿ "ಒಬ್ಬರ ಅನುಭವ ಎಲ್ಲರಿಗೂ ಹೇಗೆ ಅನ್ವಯ?" ಎಂದು ಕೇಳಿಯೇ ಕೇಳುತ್ತಾರೆ. ಅನ್ವಯವಾಗುತ್ತದೆ ಎಂದು ಹೇಳಲು ಹೋಗಬೇಡಿ. ಎಷ್ಟು ಮನೆಗಳಲ್ಲಿ ಹೀಗಿದೆ ಎಂಬುದಕ್ಕೆ ಸಮೀಕ್ಷೆ ಬೇಕು. ಲೆಕ್ಕ ಒಪ್ಪಿಸುವ ಈ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನಷ್ಟೇ ಇದು ತೋರಿಸುತ್ತದೆ. ಇದಕ್ಕಿಂತ ಬಿರುಸಾದ ಆಕ್ಷೇಪ ಬ್ರಿಟನ್ನಿನ ಸಮಾಜಶಾಸ್ತ್ರಜ್ಞೆ ಸಾರಾ ಡೆಲಮಾಂಟ್ ಅವರದು: ಪರಿಚಿತವಾದದ್ದನ್ನು ಅಪರಿಚಿತವಾಗಿ ನೋಡುವ ಶಕ್ತಿ ಈ ಪದ್ಧತಿಗಿಲ್ಲ, ಹೊರಗೆ ಹೋಗಿ ಮಾಹಿತಿ ತರುವ ಕರ್ತವ್ಯದಿಂದ ಇದು ನುಣುಚಿಕೊಳ್ಳುತ್ತದೆ ಎಂದು. ಅವರ ಮಾತು ಬಹಳಷ್ಟು ಪ್ರಬಂಧಗಳಿಗೆ ನಿಜ. ಇನ್ನೊಂದು ಕಡೆ, ಅನುಭವ ಒಬ್ಬರದು ಸಿದ್ಧಾಂತ ಇನ್ನೊಬ್ಬರದು ಎಂಬ ಹಂಚಿಕೆಯನ್ನು ರಾಜ್ಯಶಾಸ್ತ್ರಜ್ಞ ಗೋಪಾಲ್ ಗುರು ಜಾತಿಯ ಪ್ರಶ್ನೆಯಾಗಿ ಎತ್ತಿದ್ದಾರೆ. ತತ್ವಶಾಸ್ತ್ರಜ್ಞ ಸುಂದರ್ ಸರುಕ್ಕೈ ಜೊತೆಗಿನ ಅವರ ವಾಗ್ವಾದ 2012ರಲ್ಲಿ ಪುಸ್ತಕವಾಗಿ ಬಂದಿದೆ. ಪರೀಕ್ಷಕರ ಮುಂದೆ ಕೂರುವ ಮೊದಲು ಈ ಇಬ್ಬದಿಯನ್ನೂ ಓದಿರಬೇಕು. ಷೀಟಿನ ಪ್ರಿಂಟ್ ತೆಗೆದುಕೊಂಡು ಹೋಗಿ, ಮಿಕ್ಕವರ ಹೆಸರಿರುವ ಕಾಲಮ್ ಮುಚ್ಚಿ. ಡೆಲಮಾಂಟ್ ಪ್ರಶ್ನೆ ಬಂದರೆ ಕೊನೆಯ ಕಾಲಮ್ ತೋರಿಸಿ, ನಿಮ್ಮ ಊಹೆ ಬಿದ್ದ ಒಂದು ಜಾಗವನ್ನು ನೀವೇ ಎತ್ತಿ ಹೇಳಿ.