ಹಾಯಿದೋಣಿಯ ಸಂಸಾರ: ಸಿಹಿನೀರಿನ ಲೆಕ್ಕ, ಉಪ್ಪಿನ ಕಾಟ

ನಾಲ್ಕು ಜನರ ಸಂಸಾರಕ್ಕೆ ದಿನಕ್ಕೆ 40 ಲೀಟರ್ ಸಿಹಿನೀರು. ಕೆರಿಬಿಯನ್ ಸಮುದ್ರದಲ್ಲಿ ಗ್ರೆನಡಾದಿಂದ ಮಾರ್ಟಿನಿಕ್‌ವರೆಗೆ ಸಾಲಾಗಿ ನಿಂತಿರುವ ದ್ವೀಪಗಳ ನಡುವೆ ಹಾಯಿದೋಣಿಯಲ್ಲೇ ಮನೆ ಹೂಡುವವರು ಮೊದಲು ಕಲಿಯಬೇಕಾದ ಮಗ್ಗಿ ಇದು. ಕುಡಿಯಲು ತಲೆಗೆ 3 ಲೀಟರಿನಂತೆ 12, ಅಡುಗೆಗೆ 8, ಮೈಮೇಲಿನ ಉಪ್ಪು ತೊಳೆಯಲು ತಲೆಗೆ 3ರಂತೆ ಮತ್ತೆ 12, ಮಿಕ್ಕ 8 ಪಾತ್ರೆ, ಬಟ್ಟೆ, ಬಾಯಿ ಮುಕ್ಕಳಿಸುವುದಕ್ಕೆ. ಟ್ಯಾಂಕುಗಳಲ್ಲಿ ಎಲ್ಲ ಸೇರಿ 400 ಲೀಟರ್ ಇದ್ದರೆ ಹತ್ತು ದಿನ ಬರುತ್ತದೆ. ನಲ್ಲಿ ಬಿಟ್ಟುಕೊಂಡೇ ಹಲ್ಲುಜ್ಜುವ ಪಟ್ಟಣದ ಅಭ್ಯಾಸ ಹೊತ್ತು ತಂದರೆ ಅದೇ ಟ್ಯಾಂಕು ಒಂದೇ ದಿನಕ್ಕೆ ಬರಿದು.

ಹಾಗಾಗಿ ದೋಣಿಗೆ ಹತ್ತಿದ ಮೊದಲ ದಿನವೇ ನೀರಿನ ವಿದ್ಯುತ್ ಪಂಪಿನ ಸ್ವಿಚ್ ಆರಿಸಿಬಿಡಿ. ಎಲ್ಲೋ ಒಂದು ಪೈಪಿನ ಕ್ಲಿಪ್ಪು ಸಡಿಲವಾದರೆ ಆ ಪಂಪು ಎಲ್ಲರೂ ಮಲಗಿರುವಾಗ ಇಡೀ ಟ್ಯಾಂಕನ್ನು ದೋಣಿಯ ತಳಕ್ಕೆ ಸುರಿದು, ಕೊನೆಗೆ ಒಣ ಓಡಿ ತಾನೂ ಸುಟ್ಟುಹೋಗುತ್ತದೆ. ಸಿಂಕಿನ ಬುಡದಲ್ಲಿ ಕಾಲಲ್ಲಿ ತುಳಿಯುವ ಪಂಪು ಎರಡು ಹಾಕಿಸಿ, ಒಂದು ಸಿಹಿನೀರಿಗೆ, ಒಂದು ಸಮುದ್ರದ ನೀರಿಗೆ. ತುಳಿದಷ್ಟೇ ನೀರು, ಮಕ್ಕಳಿಗೂ ಲೆಕ್ಕ ತಾನಾಗಿ ಬರುತ್ತದೆ. ಟ್ಯಾಂಕು ಎರಡಿದ್ದರೆ ಒಂದರ ಕವಾಟ ಮುಚ್ಚಿಯೇ ಇರಲಿ. ಒಂದು ಖಾಲಿಯಾದಾಗ ಅರ್ಧ ಮುಗಿಯಿತೆಂದು ಗೊತ್ತಾಗುತ್ತದೆ, ಒಂದರೊಳಗೆ ಉಪ್ಪುನೀರು ಸೇರಿ ಕೆಟ್ಟರೂ ಇನ್ನೊಂದು ಉಳಿಯುತ್ತದೆ. ಇವೆರಡರ ಲೆಕ್ಕಕ್ಕೆ ಸೇರದಂತೆ 20 ಲೀಟರಿನ ಕ್ಯಾನೊಂದು ಬೇರೆ ಕಟ್ಟಿಡಿ.

ಪಾತ್ರೆ ತೊಳೆಯುವ ಕ್ರಮ ಹೀಗೆ. ಅನ್ನದ ಅಗುಳು ಒಣಗುವ ಮೊದಲೇ ತಟ್ಟೆಯನ್ನು ರಬ್ಬರಿನ ಪಟ್ಟಿಯಿಂದ ಕೆರೆದುಬಿಡಿ. ಬಕೆಟಿಗೆ ಸಮುದ್ರದ ನೀರು ತುಂಬಿ. ಮಾಮೂಲಿ ಸಾಬೂನು ಉಪ್ಪುನೀರಿನಲ್ಲಿ ನೊರೆ ಕೊಡುವುದಿಲ್ಲ, ಅದರ ಕ್ಯಾಲ್ಸಿಯಂ, ಮೆಗ್ನೀಷಿಯಂಗೆ ಒಡೆದ ಹಾಲಿನಂತೆ ಗಟ್ಟಿ ಕಟ್ಟಿ ಪಾತ್ರೆಗೇ ಮೆತ್ತಿಕೊಳ್ಳುತ್ತದೆ. ಪಾತ್ರೆ ತೊಳೆಯುವ ದ್ರವವಾದರೆ ಆದೀತು. ಉಜ್ಜಿ, ಸಮುದ್ರದ ನೀರಿನಲ್ಲೇ ಜಾಲಾಡಿ, ತಟ್ಟೆಯನ್ನು ಓರೆಯಾಗಿ ಹಿಡಿಯಿರಿ. ಇಸ್ತ್ರಿ ಮಾಡುವಾಗ ಬಟ್ಟೆಗೆ ನೀರು ಚಿಮುಕಿಸುವ ಸ್ಪ್ರೇ ಬಾಟಲಿಯಲ್ಲಿ ಸಿಹಿನೀರು ತುಂಬಿಟ್ಟುಕೊಂಡು, ಮೇಲಿನ ಅಂಚಿನಿಂದ ಕೆಳಕ್ಕೆ ನಾಲ್ಕು ಸಲ ಒತ್ತಿದರೆ ಉಪ್ಪೆಲ್ಲ ಇಳಿದು ಕೆಳಗಿನ ಅಂಚಿನಿಂದ ತೊಟ್ಟಿಕ್ಕುತ್ತದೆ. ಕೂಡಲೇ ಒಣಬಟ್ಟೆಯಿಂದ ಒರೆಸಿ. ನಾಲ್ವರ ರಾತ್ರಿಯೂಟದ ಪಾತ್ರೆಗೆ ಒಂದು ಲೀಟರ್ ಧಾರಾಳ. ಸ್ಟೀಲ್ ಚಮಚಗಳನ್ನು ಮಾತ್ರ ಉಪ್ಪುನೀರಿನಲ್ಲಿ ನೆನೆಹಾಕಿ ಮಲಗಬೇಡಿ, ಬೆಳಗಾಗುವುದರೊಳಗೆ ತುಕ್ಕಿನ ಚುಕ್ಕೆ ಎದ್ದಿರುತ್ತದೆ. ಇಪ್ಪತ್ತು ದೋಣಿ ಲಂಗರು ಹಾಕಿರುವ ಕೊಲ್ಲಿಯ ನೀರನ್ನು ಇದಕ್ಕೆ ಬಳಸಬಾರದು. ಎಲ್ಲರ ಶೌಚದ ನೀರೂ ಅಲ್ಲೇ ಇರುತ್ತದೆ.

ಅದೇ ಕಾರಣಕ್ಕೆ ಅಡುಗೆಗೆ ಬೇಕಾದ ಸಮುದ್ರದ ನೀರನ್ನು ದಡದಿಂದ ದೂರ, ಆಳ ಸಮುದ್ರದಲ್ಲಿ ಹೋಗುವಾಗಲೇ ಎತ್ತಿಟ್ಟುಕೊಳ್ಳಿ. ಅದರಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು. ಸಿಪ್ಪೆಸಹಿತ ಆಲೂಗಡ್ಡೆಯನ್ನು ಬರೀ ಸಮುದ್ರದ ನೀರಿನಲ್ಲೇ ಬೇಯಿಸಬಹುದು. ಅನ್ನಕ್ಕೆ ಐದು ಪಾಲು ಸಿಹಿನೀರಿಗೆ ಒಂದು ಪಾಲು ಸಾಕು, ಬೇರೆ ಉಪ್ಪು ಹಾಕಬೇಡಿ. ಬೇಳೆಗೆ ಮಾತ್ರ ಹನಿಯೂ ಬೇಡ. ಗಡಸು ನೀರಿನಲ್ಲಿ ಬೇಳೆ ಮೆತ್ತಗಾಗುವುದಿಲ್ಲ, ಎಷ್ಟು ಕೂಗಿಸಿದರೂ ಕಾಳುಕಾಳಾಗಿಯೇ ಉಳಿದು ಗ್ಯಾಸು ದಂಡ.

ದಡದ ನಲ್ಲಿಯಿಂದ ತುಂಬಿಸಿದ ನೀರಿಗೆ, ಸುವಾಸನೆ ಬೆರೆಸದ ಶೇಕಡ 5ರ ಬ್ಲೀಚನ್ನು 100 ಲೀಟರಿಗೆ ಒಂದು ಟೀ ಚಮಚದಂತೆ ಹಾಕಿ ಅರ್ಧ ಗಂಟೆ ಬಿಡಿ. ಉಪ್ಪುನೀರನ್ನು ಸಿಹಿ ಮಾಡುವ ಯಂತ್ರ ಇದ್ದವರು ಇಲ್ಲೇ ಎಡವುವುದು. ಆ ಯಂತ್ರದ ಪೊರೆಗೆ ಕ್ಲೋರಿನ್ ಆಗಿಬರುವುದಿಲ್ಲ. ಬ್ಲೀಚ್ ಹಾಕಿದ ಟ್ಯಾಂಕಿನ ನೀರಿನಿಂದ ಅದನ್ನು ತೊಳೆಯುವುದಾದರೆ ನಡುವೆ ಕಾರ್ಬನ್ ಫಿಲ್ಟರ್ ಇರಲೇಬೇಕು. ಡೀಸೆಲ್ ತೇಲುವ ಬಂದರಿನಲ್ಲಿಯೂ ಅದನ್ನು ಓಡಿಸಬೇಡಿ. ಮಳೆ ಬಂದರೆ ಬಿಸಿಲಿನ ಮೇಲ್ಕಟ್ಟಿನ ನಡುವೆ ತೂತಿಟ್ಟು ಪೈಪು ಇಳಿಸಿ ಹಿಡಿಯಿರಿ, ಆದರೆ ಮೊದಲ ಹತ್ತು ನಿಮಿಷದ ನೀರು ಬಟ್ಟೆಯ ಉಪ್ಪು ತೊಳೆಯುವುದಕ್ಕೆ ಹೋಗಲಿ.

ಈಗ ಉಪ್ಪಿನ ವಿಷಯ. ಮಳೆಗಾಲದಲ್ಲಿ ಉಪ್ಪಿನ ಭರಣಿ ಬೆವರುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಉಪ್ಪು ಹತ್ತಿದ ಬಟ್ಟೆ ಎಷ್ಟು ಒಣಗಿಸಿದರೂ ರಾತ್ರಿ ಗಾಳಿಯ ತೇವ ಹೀರಿ ಮತ್ತೆ ಹಸಿಯಾಗುತ್ತದೆ. ಒದ್ದೆ ಚಡ್ಡಿಯಲ್ಲಿ ಒಂದು ಮಗು ಹಾಸಿಗೆಯ ಮೇಲೆ ಹತ್ತು ನಿಮಿಷ ಕೂತೆದ್ದರೆ, ಆ ಹಾಸಿಗೆ ಸಿಹಿನೀರಿನಲ್ಲಿ ತೊಳೆಯುವವರೆಗೂ ತಣ್ಣಗೇ ಇರುತ್ತದೆ. ಆದ್ದರಿಂದ ಉಪ್ಪು ಮೆಟ್ಟಿಲು ಇಳಿದು ಒಳಗೆ ಬರಬಾರದು. ಈಜಿ ಬಂದವರು ಹೊರಗೇ ನಿಂತು, ತಲೆಯಿಂದ ಶುರು ಮಾಡಿ ಎರಡು ಚೊಂಬು ಸಿಹಿನೀರು ಸುರಿದುಕೊಂಡು, ಅಲ್ಲೇ ಬಟ್ಟೆ ಬದಲಿಸಿ ಇಳಿಯಲಿ. ಇದರಲ್ಲಿ ನೆಂಟರಿಷ್ಟರಿಗೂ ರಿಯಾಯಿತಿ ಬೇಡ. ಬಟ್ಟೆ ಒಗೆಯುವಾಗ ಮೊದಲ ನೀರು ಸಮುದ್ರದ್ದಾದರೂ ಕೊನೆಯ ಎರಡು ಜಾಲಾಡಿಕೆ ಸಿಹಿನೀರಿನದ್ದೇ ಆಗಬೇಕು. ಸೂರ್ಯ ಮುಳುಗುವ ಮೊದಲೇ ಎತ್ತಿಕೊಳ್ಳಿ, ಇಬ್ಬನಿ ಬೀಳುತ್ತದೆ. ಹಾಸಿಗೆಯ ಅಡಿ ತೇವ ಕಟ್ಟದಂತೆ ತೆಂಗಿನ ನಾರಿನ ಒರಟು ಚಾಪೆ ಹಾಸಿ, ವಾರಕ್ಕೊಮ್ಮೆ ಹಾಸಿಗೆ ಎತ್ತಿ ನಿಲ್ಲಿಸಿ. ಬೂಷ್ಟು ಬಂದ ಗೋಡೆಯನ್ನು ವಿನೆಗರಿನಿಂದ ಒರೆಸಿ. ಅದೇ ಬಟ್ಟೆಗೆ ಬ್ಲೀಚ್ ತಾಗಿಸಬೇಡಿ, ಎರಡೂ ಸೇರಿದರೆ ಕ್ಲೋರಿನ್ ಅನಿಲ ಏಳುತ್ತದೆ, ದೋಣಿಯ ಒಳಗೆ ಅದು ಹೊರಹೋಗಲು ದಾರಿಯಿಲ್ಲ.

ಅಡುಗೆ ಗ್ಯಾಸು ಗಾಳಿಗಿಂತ ಭಾರ. ಮನೆಯಲ್ಲಾದರೆ ಸೋರಿದ್ದು ಬಾಗಿಲ ಸಂದಿಯಿಂದ ಹೋದೀತು, ದೋಣಿಯಲ್ಲಿ ತಳದ ಗುಂಡಿಗೆ ಇಳಿದು ಕೂರುತ್ತದೆ, ಒಂದು ಸ್ವಿಚ್ಚಿನ ಕಿಡಿಗೆ ಕಾಯುತ್ತದೆ. ಸಿಲಿಂಡರಿಗೆ ಹೊರಕ್ಕೆ ತೂಬಿರುವ ಪ್ರತ್ಯೇಕ ಗೂಡು ಇರಬೇಕು. ಅಡುಗೆ ಮುಗಿದಾಗ ಮೊದಲು ಸಿಲಿಂಡರಿನ ಬಳಿ ಮುಚ್ಚಿ, ಉರಿ ತಾನಾಗಿ ಆರಿದ ಮೇಲೆ ಒಲೆಯ ಗುಬ್ಬಿ ತಿರುಗಿಸಿ. ಮಾರ್ಟಿನಿಕ್, ಗ್ವಾಡಲೂಪ್ ಫ್ರೆಂಚ್ ದ್ವೀಪಗಳು, ಅಲ್ಲಿ ಸಿಗುವುದು 2.75 ಕೆ.ಜಿ.ಯ ನೀಲಿ ಕ್ಯಾಂಪಿಂಗ್ ಗ್ಯಾಸ್ ಥರದ ಬ್ಯೂಟೇನ್. ಗ್ರೆನಡಾ, ಸೇಂಟ್ ಲೂಸಿಯಾ ಕಡೆ ಅಮೆರಿಕದ ಮಾದರಿಯ ಸಿಲಿಂಡರಿಗೆ ತುಂಬಿಸಿಕೊಡುತ್ತಾರೆ. ಎರಡಕ್ಕೂ ಹೊಂದುವ ಜೋಡಣೆ ಇಲ್ಲದೆ ಹೊರಡಬೇಡಿ. ಎಷ್ಟು ಉಳಿದಿದೆ ಎಂದು ಅಲ್ಲಾಡಿಸಿ ನೋಡುವುದಕ್ಕಿಂತ ಸೂಟ್‌ಕೇಸ್ ತೂಗುವ ತಕ್ಕಡಿಗೆ ಸಿಕ್ಕಿಸಿ, ಸಿಲಿಂಡರಿನ ಮೇಲೆ ಒತ್ತಿರುವ ಖಾಲಿ ತೂಕ ಕಳೆಯಿರಿ.

ಇಲ್ಲಿಯ ಪ್ರಯಾಣದ ದಿನಕ್ಕೆ ಮೂರು ಭಾಗ. ದ್ವೀಪದ ಪಶ್ಚಿಮದ ಮರೆಯಲ್ಲಿ ಹೋಗುವಷ್ಟು ಹೊತ್ತು ಸಮುದ್ರ ಕೆರೆಯಂತೆ. ದ್ವೀಪದ ಮೂಲೆ ದಾಟಿದ ಕೂಡಲೇ ಪೂರ್ವದ ವಾಣಿಜ್ಯ ಮಾರುತ ಅಟ್ಲಾಂಟಿಕ್‌ನ ಅಲೆಗಳನ್ನು ಹೊತ್ತು ಪಕ್ಕಕ್ಕೆ ಬಡಿಯುತ್ತದೆ. ಮುಂದಿನ ದ್ವೀಪದ ಮರೆ ಸಿಕ್ಕಿದ ಮೇಲೆ ಮತ್ತೆ ಶಾಂತಿ. ಸೇಂಟ್ ವಿನ್ಸೆಂಟ್‌ನಿಂದ ಸೇಂಟ್ ಲೂಸಿಯಾಕ್ಕೆ ಆ ನಡುಭಾಗವೇ ಸುಮಾರು 25 ನಾಟಿಕಲ್ ಮೈಲಿ, ಅಂದರೆ ನಾಲ್ಕೈದು ಗಂಟೆ. ಡಿಸೆಂಬರ್, ಜನವರಿಯ ಜೋರುಗಾಳಿಯಲ್ಲಿ ಆ ಹೊತ್ತಿನಲ್ಲಿ ಒಲೆ ಹಚ್ಚುವ ಮಾತೇ ಬೇಡ. ಹಿಂದಿನ ರಾತ್ರಿಯೇ ಚಿತ್ರಾನ್ನ ಮಾಡಬಹುದು ಎಂದುಕೊಂಡರೆ ಒಗ್ಗರಣೆಯ ಎಣ್ಣೆ ಮಕ್ಕಳ ಹೊಟ್ಟೆ ತೊಳಸುತ್ತದೆ. ಮೊದಲ ಮರೆಯಲ್ಲೇ ಮೆತ್ತಗಿನ ಗಂಜಿ ಕುಡಿಸಿ, ಕಡಲಿನಲ್ಲಿ ಒಣ ಬಿಸ್ಕತ್ತು, ಬಾಳೆಹಣ್ಣು, ಶುಂಠಿ ಚೂರು ಕೈಗೆಟುಕುವಲ್ಲಿಡಿ. ವಾಂತಿ ತಡೆಯುವ ಮಾತ್ರೆ ವಾಂತಿ ಶುರುವಾದ ಮೇಲೆ ಕೊಟ್ಟರೆ ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ವೈದ್ಯರು ಮಗುವಿನ ತೂಕಕ್ಕೆ ಬರೆದುಕೊಟ್ಟ ಪ್ರಮಾಣವನ್ನು ಹೊರಡುವ ಮೊದಲೇ ಕೊಡಬೇಕು.

ಬೇಯಿಸಲೇಬೇಕಾದರೆ ಕುಕ್ಕರಿಗಿಂತ ಒಳ್ಳೆಯ ಪಾತ್ರೆ ಇಲ್ಲ. ದೋಣಿ ವಾಲಿದಂತೆ ತೂಗುವ ಒಲೆಯ ಕೊಂಡಿ ಬಿಡಿಸಿ, ಪಾತ್ರೆ ಹಿಡಿಯುವ ಕಂಬಿ ಬಿಗಿದು, ಕುಕ್ಕರನ್ನು ಅರ್ಧಕ್ಕಿಂತ ಮೇಲೆ ತುಂಬದೆ ಇಡಿ. ಉರುಳಿ ಬಿದ್ದರೂ ಒಳಗಿನದು ಚೆಲ್ಲುವುದಿಲ್ಲ. ಈ ಅಡುಗೆಮನೆಯಲ್ಲಿ ಆಗುವ ದೊಡ್ಡ ಅನಾಹುತ ಕುದಿನೀರಿನ ಸುಟ್ಟಗಾಯವೇ. ಸೆಕೆಯಾದರೂ ಉದ್ದ ಪ್ಯಾಂಟು, ದಪ್ಪ ಏಪ್ರನ್ ತೊಟ್ಟೇ ನಿಲ್ಲಿ. ಎರಡು ಕೂಗಾದ ಮೇಲೆ ಆರಿಸಿ ಕಂಬಳಿ ಸುತ್ತಿಟ್ಟರೆ ಅನ್ನ ತಾನಾಗಿ ಅರಳುತ್ತದೆ. ಅಲ್ಯೂಮಿನಿಯಂ ಕುಕ್ಕರನ್ನು ಉಪ್ಪು ತಿಂದು ತೂತು ಮಾಡುತ್ತದೆ, ಸ್ಟೀಲಿನದ್ದೇ ತನ್ನಿ. ಊರಿನಿಂದ ಬರುವಾಗ ಎರಡು ಗ್ಯಾಸ್ಕೆಟ್, ಎರಡು ಸೇಫ್ಟಿ ವಾಲ್ವ್ ಕೂಡ.

ಸಾಮಾನು ತರುವಾಗ ರಟ್ಟಿನ ಪೆಟ್ಟಿಗೆಗೆ ದೋಣಿಯೊಳಗೆ ಪ್ರವೇಶವಿಲ್ಲ. ಅದರ ಮಡಿಕೆಗಳಲ್ಲಿ ಜಿರಲೆ ಮೊಟ್ಟೆ ಇರುತ್ತದೆ. ಬಾಳೆಗೊನೆಯನ್ನು ಸಮುದ್ರದಲ್ಲಿ ಮುಳುಗಿಸಿ ಎತ್ತಿ. ಅಕ್ಕಿ, ಬೇಳೆಯನ್ನು ಚೆನ್ನಾಗಿ ಒಣಗಿದ 2 ಲೀಟರ್ ಪಾನೀಯದ ಬಾಟಲಿಗಳಿಗೆ ಕುಟ್ಟಿ ಕುಟ್ಟಿ ಬಾಯಿವರೆಗೆ ತುಂಬಿ ಬಿಗಿಯಿರಿ. ಒಂದಕ್ಕೆ ಹುಳ ಬಿದ್ದರೂ ಉಳಿದದ್ದು ಉಳಿಯುತ್ತದೆ. ರವೆ ಹುರಿದೇ ತುಂಬಿ. ಅಂಗಡಿಯ ಫ್ರಿಜ್ಜಿನಲ್ಲಿದ್ದ, ತೊಳೆದ ಮೊಟ್ಟೆ ಹೊರಗೆ ಬೇಗ ಕೆಡುತ್ತದೆ. ಸಂತೆಯಲ್ಲಿ ತೊಳೆಯದ ಮೊಟ್ಟೆ ಕೇಳಿ ತಂದು, ವ್ಯಾಸಲೀನ್ ಸವರಿ, ಎರಡು ದಿನಕ್ಕೊಮ್ಮೆ ಮಗುಚಿಟ್ಟರೆ ಮೂರು ವಾರ ಚಿಂತೆಯಿಲ್ಲ. ತೇಲುತ್ತದೋ ಮುಳುಗುತ್ತದೋ ಎಂಬ ಪರೀಕ್ಷೆಯನ್ನು ಸಿಹಿನೀರಿನ ಲೋಟದಲ್ಲೇ ಮಾಡಿ. ಉಪ್ಪುನೀರು ಭಾರ, ಅದರಲ್ಲಿ ತಿನ್ನಬಹುದಾದ ಮೊಟ್ಟೆಯೂ ತೇಲೀತು.

ತರಕಾರಿಯ ವಿಷಯದಲ್ಲಿ ಕರಾವಳಿಯವರಿಗೆ ಇದು ತವರು. ನಮ್ಮ ಜೀಗುಜ್ಜೆ ಇಲ್ಲಿ ಬ್ರೆಡ್‌ಫ್ರೂಟ್. ಬ್ರಿಟಿಷ್ ನೌಕಾಪಡೆಯ ಕ್ಯಾಪ್ಟನ್ ಬ್ಲೈ 1793ರಲ್ಲಿ ಇದರ ಸಸಿಗಳನ್ನು ಸೇಂಟ್ ವಿನ್ಸೆಂಟ್‌ಗೆ ತಂದಿಳಿಸಿದ. ಕೆಸುವಿನ ಎಲೆಗೆ ಕಲಲೂ ಎನ್ನುತ್ತಾರೆ, ಹುಣಸೆಯೂ ಸಿಗುತ್ತದೆ, ಪತ್ರೊಡೆಗೆ ಇನ್ನೇನು ಬೇಕು? ಆದರೆ ಹಬೆಯ ಅಡುಗೆ ದೋಣಿಯೊಳಗೆ ತೇವ ತುಂಬುತ್ತದೆ, ಲಂಗರು ಹಾಕಿದ ದಿನ, ಮೇಲಿನ ಕಿಂಡಿ ತೆರೆದುಕೊಂಡೇ ಮಾಡಿ. ತೊಗರಿಬೇಳೆ ಎಲ್ಲೆಡೆ ಸಿಗದು. ಹಳದಿ ಬಟಾಣಿಬೇಳೆ ಸಿಗುತ್ತದೆ, 1845ರಿಂದ ಟ್ರಿನಿಡಾಡಿಗೆ ಕೂಲಿಗೆ ಬಂದ ಭಾರತೀಯರ ಮನೆಗಳಲ್ಲಿ ದಾಲ್‌ಪುರಿಗೆ ಹಾಕುವುದು ಅದನ್ನೇ. ಅದು ನೊರೆ ಉಕ್ಕಿ ಕುಕ್ಕರಿನ ಕೊಳವೆ ಕಟ್ಟಿಸುತ್ತದೆ. ಮೂರನೇ ಒಂದು ಭಾಗ ಮಾತ್ರ ತುಂಬಿ, ಒಂದು ಚಮಚ ಎಣ್ಣೆ ಬಿಡಿ. ದೋಸೆಗೆ ರುಬ್ಬುವುದು ನಡುಹಗಲಿನಲ್ಲಿ, ಸೌರಫಲಕ ಪೂರ್ತಿ ಬಿಸಿಲು ಕಾಣುವಾಗ. 750 ವಾಟಿನ ಮಿಕ್ಸಿ 12 ವೋಲ್ಟಿನ ಬ್ಯಾಟರಿಯಿಂದ 60 ಆಂಪಿಯರಿಗೂ ಹೆಚ್ಚು ಎಳೆಯುತ್ತದೆ. ಮೀನು ತಿನ್ನುವವರು ಬಂಡೆಸಾಲಿನ ದೊಡ್ಡ ಬರಕುಡ, ದೊಡ್ಡ ಗ್ರೂಪರ್ ಮುಟ್ಟಬೇಡಿ. ಅವುಗಳಲ್ಲಿ ಸಿಗ್ವಾಟೆರಾ ವಿಷ ಸೇರಿರಬಹುದು, ಬೇಯಿಸಿದರೂ, ಹುರಿದರೂ ಅದು ಹೋಗದು.

ಮಕ್ಕಳಿರುವ ದೋಣಿಗೆ ಅಂಚಿನ ಸುತ್ತ ಬಲೆ ಕಟ್ಟಿ, ಆದರೆ ಬಲೆಯನ್ನು ನಂಬಿ ಕೂರಬೇಡಿ. ಹಾಯಿ ಬಿಚ್ಚಿದ ಮೇಲೆ ಮಗುವಿಗೆ ತೊಡೆಸಂದಿಯ ಪಟ್ಟಿ ಇರುವ ಲೈಫ್ ಜಾಕೆಟ್, ಅದಕ್ಕೊಂದು ಸೀಟಿ, ದೋಣಿಗೆ ಕೊಂಡಿ. ಆ ಪಟ್ಟಿ ಇಲ್ಲದಿದ್ದರೆ ನೀರಿಗೆ ಬಿದ್ದಾಗ ಜಾಕೆಟ್ ಮೇಲೇರಿ ತಲೆಯಿಂದ ಕಳಚಿಕೊಳ್ಳುತ್ತದೆ. ಮಲಗುವ ಕಡೆ ಹಾಸಿಗೆಯ ಅಂಚಿಗೆ ದಪ್ಪ ಬಟ್ಟೆ ಎಳೆದು ಕಟ್ಟಿ, ಜೋಲಿಯಲ್ಲಿದ್ದಂತೆ ಉರುಳದೆ ಮಲಗುತ್ತವೆ. ದಡದಲ್ಲಿ ಹಸಿರು ಸೇಬಿನಂಥ ಪುಟ್ಟ ಹಣ್ಣಿನ ಮಾಂಚಿನೀಲ್ ಮರವನ್ನು ಮೊದಲ ದಿನವೇ ತೋರಿಸಿಡಿ. ಹಣ್ಣು ವಿಷ, ಹಾಲು ತಾಗಿದರೆ ಬೊಬ್ಬೆ, ಮಳೆ ಬಂತೆಂದು ಅದರಡಿ ನಿಂತರೆ ತೊಟ್ಟಿಕ್ಕುವ ನೀರೂ ಸುಡುತ್ತದೆ. ಕೆಲವು ಕಡೆ ಕಾಂಡಕ್ಕೆ ಕೆಂಪು ಪಟ್ಟಿ ಬಳಿದಿರುತ್ತಾರೆ, ಎಲ್ಲ ಕಡೆ ಅಲ್ಲ.

ಹೊಸ ದೇಶ ಸೇರಿದಾಗ ಹಳದಿ ಬಾವುಟ ಏರಿಸಿ, ಕಾಗದಪತ್ರ ಮುಗಿಯುವವರೆಗೆ ಯಜಮಾನರೊಬ್ಬರೇ ಇಳಿಯಲಿ. ಭಾರತದ ಪಾಸ್‌ಪೋರ್ಟಿನವರು ಗಮನಿಸಬೇಕಾದ್ದು: ಮಾರ್ಟಿನಿಕ್ ಫ್ರಾನ್ಸಿನದಾದರೂ, ಯುರೋಪಿನ ಹಲವು ದೇಶಗಳಿಗೆ ಒಂದೇ ವೀಸಾ ನಡೆಯುವ ಷೆಂಗೆನ್ ವಲಯದೊಳಗಿಲ್ಲ, ಮಾಮೂಲಿ ಷೆಂಗೆನ್ ಪ್ರವಾಸಿ ವೀಸಾ ಅಲ್ಲಿಗೆ ನಡೆಯದು. ಜೂನ್ 1ರಿಂದ ನವೆಂಬರ್ 30ರವರೆಗೆ ಚಂಡಮಾರುತದ ಕಾಲ. ದಕ್ಷಿಣಕ್ಕೆ ಗ್ರೆನಡಾ ಸೇರಿದರೆ ಸಾಕು ಎನ್ನುವ ಮಾತಿತ್ತು. 2004ರ ಐವಾನ್, 2024ರ ಜುಲೈ 1ರಂದು ಗ್ರೆನಡಾಕ್ಕೇ ಸೇರಿದ ಕ್ಯಾರಿಯಾಕು ದ್ವೀಪದ ಮೇಲೆ ಬಿದ್ದ ಬೆರಿಲ್ ಆದ ಮೇಲೆ ಅದನ್ನು ನಂಬುವಂತಿಲ್ಲ.

ಸಂಜೆ ಲಂಗರು ಬಿಡುವಾಗ ನೀರಿನ ಆಳಕ್ಕೆ ದೋಣಿಯ ಮೂತಿಯ ಎತ್ತರ ಕೂಡಿಸಿ, ಅದರ ಐದು ಪಟ್ಟು ಸರಪಳಿ ಬಿಡಿ. 5 ಮೀಟರ್ ಆಳ, 1 ಮೀಟರ್ ಎತ್ತರವಾದರೆ 30 ಮೀಟರ್; ಗಾಳಿ ಜೋರಿದ್ದರೆ ಏಳು ಪಟ್ಟು, ಅಂದರೆ 42. ದಡಕ್ಕೆ ಹೋಗಿಬರುವ ಪುಟ್ಟ ರಬ್ಬರ್ ದೋಣಿಯನ್ನು ನೀರಿನಲ್ಲೇ ಬಿಟ್ಟು ಮಲಗಬೇಡಿ, ಕಳ್ಳರಿಗೆ ಹಗ್ಗ ಕೊಯ್ಯಲು ಕ್ಷಣ ಸಾಕು. ಎತ್ತಿ ಕಟ್ಟಿ ಬೀಗ ಹಾಕಿ, ರಾತ್ರಿಯ ಮಳೆ ಇಳಿದುಹೋಗಲು ತಳದ ಬಿರಡೆ ತೆಗೆದಿಡಿ. ಆ ಬಿರಡೆಯನ್ನು ಮೋಟಾರ್ ಹೊರಡಿಸುವಾಗ ಮಣಿಕಟ್ಟಿಗೆ ಹಾಕಿಕೊಳ್ಳುವ ಕೆಂಪು ದಾರಕ್ಕೆ ಕಟ್ಟಿಟ್ಟರೆ, ಬೆಳಗ್ಗೆ ದೋಣಿ ಇಳಿಸುವಾಗ ಹಾಕಲು ಮರೆಯುವುದಿಲ್ಲ.