ಕಲಾಕೃತಿಯೇ ಸಂಶೋಧನೆಯಾದಾಗ: ಒಪ್ಪಿಗೆ ಪತ್ರದಿಂದ ಕ್ರೆಡಿಟ್ ಸಾಲಿನವರೆಗೆ

ನಾಟಕ ಕಟ್ಟುತ್ತ, ಸಿನಿಮಾ ತೆಗೆಯುತ್ತ ಪಿಎಚ್‌ಡಿ ಮಾಡುವವರು ಹೆಚ್ಚಾಗಿ ಎಡವುವುದು ಒಂದೇ ಕಡೆ. ಕಲಾವಿದರಾಗಿ ಪಡೆದ ಒಪ್ಪಿಗೆಯೇ ಸಂಶೋಧನೆಗೂ ಸಾಕು ಎಂದುಕೊಳ್ಳುತ್ತಾರೆ. ಸಾಲದು. ವೇದಿಕೆಯಲ್ಲಿ ಹಾಡಲು ಒಪ್ಪಿದವರು, ರಿಹರ್ಸಲ್‌ನಲ್ಲಿ ಆಡಿದ ಮಾತನ್ನು ಪ್ರಬಂಧದಲ್ಲಿ ಬಿಡಿಸಿ ನೋಡಲೂ ಒಪ್ಪಿದ್ದಾರೆ ಎಂದೇನಿಲ್ಲ.

ಮೊದಲು ನೈತಿಕ ಸಮಿತಿಯ, ಅಂದರೆ ಜನರನ್ನು ಒಳಗೊಂಡ ಸಂಶೋಧನೆಯನ್ನು ಮುಂಚಿತವಾಗಿ ಪರಿಶೀಲಿಸುವ ಸಮಿತಿಯ ಅನುಮತಿ. ಮೊದಲ ಸಂದರ್ಶನಕ್ಕೂ ಮುಂಚೆ ಅದು ಕೈಯಲ್ಲಿರಬೇಕು. ಮುಗಿದ ಕೆಲಸಕ್ಕೆ ಹಿಂದಿನ ತಾರೀಕು ಹಾಕಿ ಸಾಮಾನ್ಯವಾಗಿ ಕೊಡುವುದಿಲ್ಲ. ಕೃತಿ ಯಾವ ದಾರಿ ಹಿಡಿಯುತ್ತದೋ ಮೊದಲೇ ಹೇಳಲಾಗದು ಎಂಬುದು ನೆಪವಲ್ಲ, ನಿಜವಾದ ಕಷ್ಟ. ಖಚಿತವಿರುವ ಹಂತಕ್ಕಷ್ಟೇ ಅರ್ಜಿ ಹಾಕಿ, ದಿಕ್ಕು ಬದಲಾದರೆ ತಿದ್ದುಪಡಿ ಸಲ್ಲಿಸಿ.

ಒಪ್ಪಿಗೆ ಪತ್ರಕ್ಕೆ ಕೊನೆಯಲ್ಲಿ ಒಂದು ಸಹಿ ಹಾಕಿಸಿದರೆ ಆಗದು. ಭಾಗವಹಿಸುವುದು, ರೆಕಾರ್ಡಿಂಗ್, ಪ್ರದರ್ಶನ, ಪ್ರಬಂಧದಲ್ಲಿ ಬಳಕೆ, ಆರ್ಕೈವ್‌ನಲ್ಲಿ ಇಡುವುದು, ಈ 5ಕ್ಕೂ ಬೇರೆಬೇರೆ ಹೌದು–ಇಲ್ಲ ಚೌಕ ಇರಲಿ. ಹೆಸರು ಬದಲಿಸಿದರೆ ಗುರುತು ಸಿಗದು ಎಂಬ ಭರವಸೆ ಮಾತ್ರ ಕೊಡಬೇಡಿ. ವಿಡಿಯೊದಲ್ಲಿ ಮುಖ, ದನಿ, ನಡಿಗೆ ಎಲ್ಲವೂ ಗುರುತೇ. ಹಿಂದೆ ಸರಿಯಲು ಕೊನೆಯ ದಿನಾಂಕ ಯಾವುದು, ಎಡಿಟಿಂಗ್ ಮುಗಿದ ಮೇಲೆ ಏನನ್ನು ತೆಗೆಯಲಾಗದು ಎಂಬುದನ್ನೂ ಬರೆಯಿರಿ. ಕೆಲವರಿಗೆ ಹೆಸರು ಬರಲೇಬೇಕಿರುತ್ತದೆ. ಗೋಪ್ಯತೆಯ ಹೆಸರಲ್ಲಿ ಅದನ್ನು ಅಳಿಸುವುದು ಅವರ ದುಡಿಮೆಯನ್ನೇ ಕಸಿದಂತೆ.

ಕಲೆಯಲ್ಲಿ ಕಲ್ಪನೆ ತಪ್ಪಲ್ಲ, ಪುರಾವೆಯಲ್ಲಿ ತಪ್ಪು. 3 ರಾತ್ರಿಗಳ ಚಪ್ಪಾಳೆಯನ್ನು ಒಂದೇ ರಾತ್ರಿಯದೆಂಬಂತೆ ಜೋಡಿಸಿ 'ಪ್ರೇಕ್ಷಕರ ಪ್ರತಿಕ್ರಿಯೆ' ಎಂದು ಸಲ್ಲಿಸಿದರೆ ಅದು ದತ್ತಾಂಶ ತಿರುಚಿದಂತೆಯೇ. ಮರುಚಿತ್ರೀಕರಿಸಿದ್ದನ್ನು ದೃಶ್ಯದ ಅಡಿಬರಹದಲ್ಲೇ ಹೇಳಿ. ಎಡಿಟ್ ಮಾಡದ ಮೂಲ ಫೈಲ್‌ಗಳ 3 ಪ್ರತಿ, 2 ಬಗೆಯ ಸಾಧನಗಳಲ್ಲಿ, ಅವುಗಳಲ್ಲಿ 1 ಪ್ರತಿ ಬೇರೆ ಜಾಗದಲ್ಲಿ ಇರಲಿ. ಸ್ಟುಡಿಯೊ ದಿನಚರಿಯಲ್ಲಿ ತಾರೀಕು, ಆವೃತ್ತಿ ಸಂಖ್ಯೆಯ ಜತೆ ಕೈಬಿಟ್ಟ ಪ್ರಯತ್ನಗಳೂ ಇರಬೇಕು. ಪ್ರದರ್ಶನ ಮುಗಿದ ಮೇಲೆ ಅದಕ್ಕೆ ಹೊಂದುವ ಸಂಶೋಧನಾ ಪ್ರಶ್ನೆ ಹೊಲಿಯುವವರು ಸಿಕ್ಕಿಬೀಳುವುದು ಇಲ್ಲಿಯೇ.

ಎರವಲು ತಂದ ಚಿತ್ರ, ಧ್ವನಿಗೆ ಅನುಮತಿ ಬೇರೆ, ಮೂಲದ ಉಲ್ಲೇಖ ಬೇರೆ. ಹಕ್ಕುಸ್ವಾಮ್ಯದ ಅವಧಿ ಮುಗಿದಿದ್ದರೂ ಉಲ್ಲೇಖ ತಪ್ಪದು. ಎಐ ಬಳಸಿದ್ದರೆ ಯಾವ ಟೂಲ್, ಯಾವ ಹಂತದಲ್ಲಿ ಎಂದು ನಮೂದಿಸಿ. ಪಿಎಚ್‌ಡಿಗೂ ಮುಂಚೆ ನೀವೇ ಮಾಡಿದ ಕೃತಿಯನ್ನು ಬಳಸಿದ್ದರೆ ಅದನ್ನೂ ನಮೂದಿಸಿ.

ಕ್ರೆಡಿಟ್ ಹಂಚಿಕೆಯ ಮಾತು ಮೊದಲ ವಾರವೇ ಆಗಲಿ. ಯಾರು ಯಾವ ಕೆಲಸ ಮಾಡಿದರು ಎಂದು ತೋರಿಸಲು ಸಂಶೋಧನಾ ಪತ್ರಿಕೆಗಳು ಬಳಸುವ 'ಕ್ರೆಡಿಟ್' (CRediT) ಎಂಬ ಪಟ್ಟಿಯಲ್ಲಿ 14 ಪಾತ್ರಗಳಿವೆ, ನೃತ್ಯ ಸಂಯೋಜನೆಯಾಗಲೀ ಆಶುವಾಗಿ ಕಟ್ಟಿದ ಸಂಭಾಷಣೆಯಾಗಲೀ ಅದರಲ್ಲಿಲ್ಲ. ಅವಕ್ಕೆ ನೀವೇ ಸಾಲು ಸೇರಿಸಿ, ಎಲ್ಲರ ಸಹಿ ಹಾಕಿಸಿ, ಪ್ರದರ್ಶನದ ಹಿಂದಿನ ವಾರ ಮತ್ತೊಮ್ಮೆ ಓದಿಸಿ.