‘ಫಿಟ್ಸ್’ ಎಂದು ತೀರ್ಮಾನಿಸುವ ಮುನ್ನ ಒಂದು ಇಸಿಜಿ

ಓಟದ ಪಂದ್ಯದ ನಡುವೆ ಹುಡುಗಿ ಕುಸಿದು ಬೀಳುತ್ತಾಳೆ. ಮುಖ ಬಿಳಿಚಿಕೊಳ್ಳುತ್ತದೆ, ಕೈಕಾಲು ನಾಲ್ಕಾರು ಸಲ ಅದುರುತ್ತವೆ. ‘ಫಿಟ್ಸ್’ ಎನ್ನುತ್ತಾ ಯಾರೋ ಅಂಗೈಗೆ ಬೀಗದ ಕೈ ತುರುಕುತ್ತಾರೆ. ಅರೆ ನಿಮಿಷದಲ್ಲಿ ಅವಳೇ ಕಣ್ಣು ಬಿಡುತ್ತಾಳೆ; ಕಬ್ಬಿಣ ಹಿಡಿಸಿದ್ದಕ್ಕೆ ವಾಸಿಯಾಯಿತೆಂದು ಎಲ್ಲರೂ ನಂಬುತ್ತಾರೆ. ಇಂಥವರಲ್ಲಿ ಕೆಲವರಿಗೆ ತೊಂದರೆ ಇರುವುದು ಮಿದುಳಿನಲ್ಲಲ್ಲ, ಹೃದಯದ ಲಯದಲ್ಲಿ. ‘ಲಾಂಗ್ ಕ್ಯೂಟಿ ಸಿಂಡ್ರೋಮ್’ ಅಂಥದ್ದೊಂದು. ಲಯ ತಪ್ಪಿದ ಹೃದಯ ಮಿದುಳಿಗೆ ರಕ್ತ ದಬ್ಬಲಾರದಾದಾಗ ಮೈ ಅದುರುತ್ತದೆ. ಲಯ ತಾನಾಗಿ ಮರಳದಿದ್ದರೆ ಪ್ರಾಣವೇ ಹೋಗುತ್ತದೆ.

ಬಿದ್ದವರ ಉಸಿರನ್ನು ಮೊದಲು ನೋಡಿ. ಸಹಜ ಉಸಿರಿಲ್ಲದಿದ್ದರೆ 108ಕ್ಕೆ ಕರೆ ಮಾಡಿಸಿ, ಎದೆಯ ನಡುವೆ ನಿಮಿಷಕ್ಕೆ 100–120 ಸಲ ಬಲವಾಗಿ ಒತ್ತಿ. ಉಸಿರಿದ್ದರೆ ಪಕ್ಕಕ್ಕೆ ಹೊರಳಿಸಿ. ಇನ್ನೊಬ್ಬರು ಮೊಬೈಲ್‌ನಲ್ಲಿ ವಿಡಿಯೊ ಮಾಡಿಕೊಳ್ಳಲಿ. ವೈದ್ಯರಿಗೆ ಅದು ದೊಡ್ಡ ಸಾಕ್ಷಿ.

ಕಂಡದ್ದನ್ನು ಅಂದೇ ಬರೆದಿಡಿ. ಓಡುವಾಗ, ಈಜುವಾಗ, ಅಲಾರಂಗೆ ಬೆಚ್ಚಿಬಿದ್ದಾಗ ಎಚ್ಚರ ತಪ್ಪಿದರೆ ಹೃದಯದ ಮೇಲೆ ಅನುಮಾನ ಬರಲೇಬೇಕು. ಅಪಸ್ಮಾರದಲ್ಲಿ, ಅಂದರೆ ನಿಜವಾದ ಫಿಟ್ಸ್‌ನಲ್ಲಿ, ಅದುರು ಸಾಮಾನ್ಯವಾಗಿ ಒಂದೆರಡು ನಿಮಿಷ ನಡೆಯುತ್ತದೆ, ನಾಲಿಗೆಯ ಅಂಚಿಗೆ ಹಲ್ಲು ನಾಟಬಹುದು, ಆಮೇಲೂ ಬಹಳ ಹೊತ್ತು ಮಂಕು ಕವಿದಿರುತ್ತದೆ. ಹೃದಯದ್ದಾದರೆ ಬಹುಪಾಲು ಬೇಗ ತಿಳಿವು ಮರಳುತ್ತದೆ. ಮೂತ್ರ ಹೋಗುವುದು ಎರಡರಲ್ಲೂ ಉಂಟು, ಅದನ್ನು ನೆಚ್ಚಬೇಡಿ.

ಮಿದುಳಿನ ವಿದ್ಯುತ್ ಅಲೆಗಳನ್ನು ದಾಖಲಿಸುವ ಇಇಜಿಯೊಂದನ್ನೇ ನಂಬಿ ವರ್ಷಗಟ್ಟಲೆ ಫಿಟ್ಸ್ ಮಾತ್ರೆ ನುಂಗಿಸುವುದನ್ನು ನೆನೆದರೆ ಸಂಕಟವಾಗುತ್ತದೆ. ಹೃದಯದ ಅಲೆಗಳನ್ನು ಕಾಗದಕ್ಕಿಳಿಸುವ ಇಸಿಜಿಗೆ ಬೇಕಾಗುವುದು ಕೆಲವೇ ನಿಮಿಷ. ಕ್ಯೂ ಅಲೆಯ ಆರಂಭದಿಂದ ಟಿ ಅಲೆಯ ಕೊನೆಯವರೆಗಿನ ಅಂತರವನ್ನು (ಇದೇ ‘ಕ್ಯೂಟಿ’) ವೈದ್ಯರು ಕೈಯಿಂದಲೇ ಅಳೆಯಲಿ, ಯಂತ್ರ ಮುದ್ರಿಸಿದ ಅಂಕಿ ತಪ್ಪಿರಬಹುದು. ಸಾಮಾನ್ಯ ವೇಗದ ಕಾಗದದಲ್ಲಿ ಒಂದು ಚಿಕ್ಕ ಚೌಕವೆಂದರೆ 40 ಮಿಲಿಸೆಕೆಂಡ್. ನಾಡಿ 60 ಇರುವಾಗ ಆ ಅಂತರ 12 ಚೌಕ, ಅಂದರೆ 480 ಮುಟ್ಟಿದರೆ ಹೃದ್ರೋಗ ತಜ್ಞರ ಬಳಿಗೆ ಹೋಗಲೇಬೇಕು. ನಾಡಿಯ ವೇಗ ಬೇರೆಯಿದ್ದರೆ ಅದಕ್ಕೆ ತಕ್ಕಂತೆ ಲೆಕ್ಕ ಸರಿಪಡಿಸುತ್ತಾರೆ. ಇಸಿಜಿ ಸರಿ ಇದ್ದರೂ ಅನುಮಾನ ಉಳಿದರೆ ಟ್ರೆಡ್‌ಮಿಲ್, ಹೋಲ್ಟರ್ (ಮೈಗೆ ಕಟ್ಟಿಕೊಂಡು ದಿನವಿಡೀ ಇಸಿಜಿ ದಾಖಲಿಸುವ ಸಾಧನ) ಪರೀಕ್ಷೆಗಳಿವೆ.

ಕುಟುಂಬದ ಕಥೆಯನ್ನು ಮುಚ್ಚಿಡಬೇಡಿ. ಚಿಕ್ಕ ವಯಸ್ಸಿನಲ್ಲಿ ಹಠಾತ್ತನೆ ತೀರಿಕೊಂಡವರು, ಈಜು ಬಲ್ಲವರಾಗಿಯೂ ನೀರಿನಲ್ಲಿ ಮುಳುಗಿದವರು ಇದ್ದಾರೆಯೇ? ಈ ರೋಗದಲ್ಲಿ ಹುಟ್ಟು ಕಿವುಡಿನ ಜೊತೆಗೆ ಬರುವ ಬಗೆಯನ್ನು 1957ರಲ್ಲಿ ನಾರ್ವೆಯ ವೈದ್ಯರಾದ ಜರ್ವೆಲ್ ಮತ್ತು ಲಾಂಗೆ-ನೀಲ್ಸನ್ ಒಂದೇ ಮನೆಯ ಮಕ್ಕಳಲ್ಲಿ ಗುರುತಿಸಿದರು. ತಂದೆತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ಬಂದರೆ ಇದು ಕಾಣಿಸಿಕೊಳ್ಳುತ್ತದೆ. ಸೋದರಮಾವನನ್ನು ಮದುವೆಯಾಗುವ ರೂಢಿಯಿರುವ ನಮ್ಮಲ್ಲಿ ಕಿವುಡು ಮಗು ಎಚ್ಚರ ತಪ್ಪಿದರೆ ತಡಮಾಡದೆ ಇಸಿಜಿ ಮಾಡಿಸಿ. ರೋಗ ಖಚಿತವಾದರೆ ಒಡಹುಟ್ಟಿದವರಿಗೂ ಹೆತ್ತವರಿಗೂ ಪರೀಕ್ಷೆ ಆಗಬೇಕು.

ಬಹುತೇಕರಿಗೆ ಪ್ರೊಪ್ರನಲಾಲ್ ಅಥವಾ ನಾಡೊಲಾಲ್ ಮಾತ್ರೆ ಕೊಡುತ್ತಾರೆ. ಒಂದು ದಿನವೂ ತಪ್ಪಿಸಬೇಡಿ. ಅಪಾಯ ಹೆಚ್ಚಿದ್ದವರಿಗೆ, ಲಯ ತಪ್ಪಿದೊಡನೆ ಆಘಾತ ಕೊಟ್ಟು ಸರಿಪಡಿಸುವ ಐಸಿಡಿ ಸಾಧನವನ್ನು ಅಳವಡಿಸುತ್ತಾರೆ. ಫಿಟ್ಸ್ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ವಾಂತಿಭೇದಿಯಾದಾಗ ರಕ್ತದಲ್ಲಿನ ಪೊಟ್ಯಾಸಿಯಂ ಕುಸಿಯುತ್ತದೆ, ಆಗ ಇನ್ನಷ್ಟು ಎಚ್ಚರ ಬೇಕು. ಅಜಿತ್ರೊಮೈಸಿನ್, ಡೊಂಪೆರಿಡೋನ್, ಒಂಡಾನ್ಸೆಟ್ರಾನ್‌ನಂಥ ದಿನಬಳಕೆಯ ಔಷಧಗಳೂ ಇವರಿಗೆ ಆಗಿಬರುವುದಿಲ್ಲ. ವೈದ್ಯರಿಂದ ಪೂರ್ತಿ ಪಟ್ಟಿ ಬರೆಸಿಕೊಂಡು ಒಂದು ಪ್ರತಿಯನ್ನು ಮಗುವಿನ ಶಾಲಾ ಚೀಲದಲ್ಲಿಡಿ, ಇನ್ನೊಂದನ್ನು ನೀವು ಔಷಧ ಕೊಳ್ಳುವ ಅಂಗಡಿಯವರ ಕೈಗೆ ಕೊಡಿ.